ಚಿಕ್ಕಮ್ಮನ ಮೊದಲ ಹಾಳೆ

ಹೋದ ವಾರ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಹೊಸದಾಗಿ ಆಗಿರುವ ದೊಡ್ಡ ಅಂಗಡಿಗೆ ಬೇಳೆ ತರಲು ಹೋಗಿದ್ದೆ. ಶಾವಿಗೆ, ನೂಡಲ್ಸು ಇಟ್ಟಿರುವ ಸಾಲಿನಲ್ಲಿ ಒಂದು ಹಳದಿ ಡಬ್ಬ ಕಣ್ಣಿಗೆ ಬಿತ್ತು. ಲಸಾನ್ಯದ ಹಾಳೆಗಳು. ಲಸಾನ್ಯ ಎಂದರೇನು ಎಂದು ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ನನಗೂ ಈಚಿನವರೆಗೆ ಗೊತ್ತಿರಲಿಲ್ಲ. ಅದು ಇಟಲಿಯವರ ಊಟ. ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಅಂಗೈಯಗಲದ ಉದ್ದುದ್ದ ಹಾಳೆಗಳಾಗಿ ಕತ್ತರಿಸಿ, ಕುದಿಯುವ ನೀರಿನಲ್ಲಿ ಬೇಯಿಸಿಕೊಳ್ಳುತ್ತಾರೆ. ಆಮೇಲೆ ಒಂದು ಹಾಳೆ ಹಾಸಿ ಅದರ ಮೇಲೆ ಟೊಮೇಟೊ ಗೊಜ್ಜು, ಪನೀರು, ಮತ್ತೊಂದು ಹಾಳೆ, ಮತ್ತೆ ಗೊಜ್ಜು, ಹೀಗೆ ಪದರ ಪದರವಾಗಿ ಜೋಡಿಸಿ ಹದವಾದ ಕಾವಿನಲ್ಲಿ ಇಡುತ್ತಾರೆ. ಆ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ, ಈ ಹಾಳೆಗಳನ್ನು ಮೊದಲು ಬೇಯಿಸಿಕೊಳ್ಳುವ ಅಗತ್ಯವೇ ಇಲ್ಲ, ಹಾಗೇ ಜೋಡಿಸಬಹುದು ಎಂದು ಬರೆದಿತ್ತು. ಓದಿದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. ಡಬ್ಬವನ್ನು ಅಲ್ಲೇ ಕುಕ್ಕಿ, ತಂದ ಚೀಲ ಬರಿದಾಗಿರುವುದನ್ನೂ ಗಮನಿಸದೆ ಮನೆಗೆ ಬಂದುಬಿಟ್ಟೆ. ಅವತ್ತು ನಮ್ಮ ಮನೆಯಲ್ಲಿ ಬೇಳೆಯಿಲ್ಲದ ಸಾರು.

ಹಿಟ್ಟಿನ ಹಾಳೆಯ ಮೇಲೆ ಸಿಟ್ಟು ಮಾಡಿಕೊಳ್ಳುವ ಹೆಂಗಸು ಎಂದು ನೀವು ನಗಬಹುದು. ನಗಿ. ನನ್ನ ಸಿಟ್ಟು ನಮ್ಮ ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. ಕುಕ್ಕರ್ ಆದರೆ ನಾಲ್ಕು ಸಲ ಕೂಗಿ ಸುಮ್ಮನಾಗುತ್ತೆ, ಇವಳು ಹಾಗಲ್ಲ ಎಂದು ನಮ್ಮ ಮನೆಯವರು ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳಿ ತಾವೇ ನಗುತ್ತಾರೆ. ಆದರೆ ಈ ಸಲದ ಸಿಟ್ಟು ಆ ಡಬ್ಬದ ಮೇಲಿನದಲ್ಲ. ಅದು ಹಳೇಬೀಡಿನಲ್ಲಿದ್ದ ನನ್ನ ಚಿಕ್ಕಮ್ಮನ ಕಡೆಯಿಂದ ಬಂದದ್ದು, ಇನ್ನೂ ಆರಿಲ್ಲ.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ಹಳೇಬೀಡಿನ ತೆಂಗಿನಕಾಯಿ ವ್ಯಾಪಾರಿಯ ಮನೆಗೆ ಸೊಸೆಯಾಗಿ ಹೋದವಳು. ದೇಶದೇಶದ ಜನ ನೋಡಲು ಬರುವ ದೇವಸ್ಥಾನ ಅವಳ ಮನೆಯಿಂದ ಕೂಗಳತೆಯಲ್ಲಿದೆ. ಅವಳು ಅಲ್ಲಿಗೆ ಹೋಗುತ್ತಿದ್ದದ್ದು ನೆಂಟರು ಬಂದಾಗ ಮಾತ್ರ, ಅದೂ ಬುತ್ತಿಯ ಚೀಲ ಹೊತ್ತುಕೊಂಡು. ಎಲ್ಲರೂ ಒಳಗೆ ಗೋಡೆ ನೋಡುತ್ತಿದ್ದರೆ ಇವಳು ಹೊರಗೆ ಹುಲ್ಲಿನ ಮೇಲೆ ಚಾಪೆ ಹಾಸಿ ಚಿತ್ರಾನ್ನಕ್ಕೆ ಕಾಗೆ ಬಾರದಂತೆ ಕಾಯುತ್ತಿದ್ದಳು. ಒಂದು ಸಲ ನಾನು ಕಾಯುತ್ತೇನೆ, ನೀನು ಹೋಗು ಎಂದು ಜಗಳವಾಡಿ ಕಳಿಸಿದರೆ, ಬಾಗಿಲ ತನಕ ಹೋಗಿ, ತಟ್ಟೆ ಸಾಕಾಗುತ್ತವೋ ಇಲ್ಲವೋ ಎಂದು ವಾಪಸು ಬಂದಿದ್ದಳು. ಇದನ್ನು ಹೇಳಿ ಆ ಮನೆಯವರೆಲ್ಲ ಈಗಲೂ ನಗುತ್ತಾರೆ. ನನಗೆ ಯಾವತ್ತೂ ನಗು ಬಂದಿಲ್ಲ.

ಅಂಥವಳಿಗೆ ಲಸಾನ್ಯ ಹೇಗೆ ಗಂಟುಬಿತ್ತು ಎಂದು ಕೇಳುತ್ತೀರಿ. ಸೊಸೆ ಭಾಗ್ಯ ಹೊಸ ಫೋನು ತೆಗೆದುಕೊಂಡಾಗ ಹಳೆಯದನ್ನು ಅತ್ತೆಗೆ ಕೊಟ್ಟಳು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಚಿಕ್ಕಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅದರಲ್ಲಿ ಅಡುಗೆ ಮಾಡುವವರನ್ನು ನೋಡುತ್ತಿದ್ದಳು. ಅವರಾಡುವ ಮಾತು ಇವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. "ಕೈ ನೋಡಿದ್ರೆ ಸಾಕು ಕಣೇ, ಬಾಯಿ ಕಟ್ಕೊಂಡು ಏನು" ಎನ್ನುತ್ತಿದ್ದಳು. ಒಂದು ದಿನ ಯಾವುದೋ ಅಜ್ಜಿ ಮೇಜಿನಗಲದ ಹಿಟ್ಟನ್ನು ಲಟ್ಟಿಸುವುದನ್ನು ನೋಡಿ, ಆ ಅಜ್ಜಿಯ ಲಟ್ಟಣಿಗೆ ತನ್ನದಕ್ಕಿಂತ ಉದ್ದವಾಗಿದೆ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು. ಲಸಾನ್ಯ ಶುರುವಾದದ್ದು ಆ ಹೊಟ್ಟೆಕಿಚ್ಚಿನಿಂದ.

ಅವರು ಹಿಟ್ಟಿಗೆ ಮೊಟ್ಟೆ ಒಡೆದು ಹಾಕುತ್ತಾರೆ. ಚಿಕ್ಕಮ್ಮನ ಮನೆಯಲ್ಲಿ ಮೊಟ್ಟೆಯ ಮಾತೆತ್ತುವ ಹಾಗೂ ಇಲ್ಲ, ವರ್ಷಕ್ಕೊಮ್ಮೆ ಮಠದಿಂದ ಸ್ವಾಮಿಗಳು ಪಾದಪೂಜೆಗೆ ಬರುವ ಮನೆ ಅದು. ಅವಳು ಮೈದಾಕ್ಕೆ ಚಿರೋಟಿ ರವೆ ಬೆರೆಸಿ, ಉಪ್ಪು, ಒಂದಿಷ್ಟು ಎಣ್ಣೆ, ಬಿಸಿನೀರು ಹಾಕಿ ಕಲಸಿದಳು. ಮೊದಲ ಸಲ ಕೈಗೆ ಬಂದ ಅಭ್ಯಾಸದಂತೆ ಒಬ್ಬಟ್ಟಿನ ಕಣಕದ ಹಾಗೆ ಎಣ್ಣೆಯಲ್ಲಿ ತೇಲಿಸಿ ಮೆತ್ತಗೆ ಕಲಸಿದ್ದಳಂತೆ. ನೀರಿಗೆ ಬಿಟ್ಟದ್ದೇ ಹಾಳೆಗಳು ಕರಗಿ ಗಂಜಿಯಾಯಿತು. ಅದನ್ನು ಹಸುವಿಗೆ ಹಾಕಿ, ಹಸು ಚಪ್ಪರಿಸಿ ತಿಂದದ್ದನ್ನು ನನಗೆ ಫೋನು ಮಾಡಿ ಹೇಳಿದಳು. ಆಮೇಲೆ ಗಟ್ಟಿಯಾಗಿ ಕಲಸಿ, ಮಣಿಕಟ್ಟು ನೋಯುವಷ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿ ನೆನೆಯಲು ಬಿಡುವುದನ್ನು ಕಲಿತಳು. ಮುಚ್ಚುವ ಮುಂಚೆ ಉಂಡೆಯ ಮೇಲೆ ಎರಡು ಬೆರಳು ಒತ್ತಿ ಗುಳಿ ಮಾಡುತ್ತಿದ್ದಳು. ನುಣ್ಣಗಿನ ಉಂಡೆ ಪಿಂಡದ ಹಾಗೆ ಕಾಣಬಾರದಲ್ಲ, ಅದಕ್ಕೆ. ಇಟಲಿಯ ಊಟಕ್ಕೂ ನಮ್ಮ ಪಿತೃಗಳ ಭಯ ಬಿಡಲಿಲ್ಲ ನೋಡಿ.

ಇದೆಲ್ಲ ನಡೆಯುತ್ತಿದ್ದದ್ದು ಚಿಕ್ಕಪ್ಪ ಕೊಬ್ಬರಿ ವ್ಯಾಪಾರಕ್ಕೆಂದು ಅರಸೀಕೆರೆಗೆ ಬರುವ ದಿನ. ಅವರು ಈಚೆ ಹೊರಟರೆ ನಾನು ಆಚೆ ಹೊರಡುತ್ತಿದ್ದೆ. ಜಾವಗಲ್ಲಿನ ಹತ್ತಿರ ಎಲ್ಲೋ ನಮ್ಮಿಬ್ಬರ ಬಸ್ಸುಗಳು ಒಂದನ್ನೊಂದು ದಾಟುತ್ತಿದ್ದವು. ಅವರ ತಲೆ ಕಿಟಕಿಯಲ್ಲಿ ಕಂಡರೆ ನಾನು ಸೆರಗು ಎಳೆದುಕೊಂಡು ಬಗ್ಗಿಬಿಡುತ್ತಿದ್ದೆ. ಮೊಮ್ಮಕ್ಕಳಾಗುವ ವಯಸ್ಸಿನ ನಾನು ಹಿಟ್ಟಿನ ಊಟಕ್ಕಾಗಿ ಬಸ್ಸಿನಲ್ಲಿ ಅಡಗಿ ಕೂರುತ್ತಿದ್ದೆನಲ್ಲ ಎಂದು ಈಗ ನೆನೆದರೆ ನಗು ಬರುತ್ತದೆ, ಹಿಂದೆಯೇ ಕೋಪ ಬರುತ್ತದೆ. ಅಲ್ಲಿ ಕಳ್ಳತನದ್ದೇನಿತ್ತು?

ನಾನು ಹೋಗುವಷ್ಟರಲ್ಲಿ ಹಿಟ್ಟು ನೆಂದಿರುತ್ತಿತ್ತು. ಅಡುಗೆಕಟ್ಟೆಯ ಕಲ್ಲನ್ನು ಒರೆಸಿ, ಅಕ್ಕಿಹಿಟ್ಟು ಉದುರಿಸಿ, ಕಲ್ಲಿನ ಚುಕ್ಕೆಗಳು ಹಿಟ್ಟಿನೊಳಗಿಂದ ಕಾಣುವ ತನಕ ಲಟ್ಟಿಸುತ್ತಿದ್ದಳು. ಮಗನ ಹಳೆಯ ಊಟದ ಡಬ್ಬಿಯ ಮುಚ್ಚಳ ಮೇಲಿಟ್ಟು ಸುತ್ತ ಚಾಕು ಆಡಿಸಿದರೆ ಒಂದು ಹಾಳೆ. ಅಗಲವಾದ ಪಾತ್ರೆಯಲ್ಲಿ ಉಪ್ಪು ಹಾಕಿದ ನೀರು ಮರಳುತ್ತಿರಬೇಕು. ಒಂದೊಂದೇ ಬಿಡಬೇಕು. ಮುಳುಗಿದ ಹಾಳೆ ಮೇಲೆದ್ದು ಬಂದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಎತ್ತಿ ತಣ್ಣೀರಿಗೆ ಹಾಕಿ, ಒದ್ದೆ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಬೇಕು. ತಾಗಿದರೆ ಅಂಟಿಕೊಂಡು, ಬಿಡಿಸಹೋದರೆ ಹರಿಯುತ್ತವೆ. ಅಷ್ಟಗಲದ ಬಿಳಿ ಬಟ್ಟೆ ಆ ಮನೆಯಲ್ಲಿ ಇದ್ದದ್ದು ಒಂದೇ, ಚಿಕ್ಕಪ್ಪನ ಮಡಿ ಪಂಚೆ. ನಡುಮನೆಯಲ್ಲಿ ಆ ಪಂಚೆ ಹಾಸಿ, ಜರಿಯಂಚಿನ ಉದ್ದಕ್ಕೂ ಹಾಳೆ ಹರಡಿ, ಹಾಳೆ ಒಣಗೀತೆಂದು ಫ್ಯಾನು ಹಾಕದೆ ನಾನು, ಚಿಕ್ಕಮ್ಮ, ಭಾಗ್ಯ ಮೂವರೂ ಬೆವರುತ್ತಾ ಕೂರುತ್ತಿದ್ದೆವು.

ಆದರೆ ನಾನು ಹೇಳಬೇಕಾದದ್ದು ಮೊದಲ ಹಾಳೆಯ ವಿಷಯ. ಮೊದಲ ಹಾಳೆಯನ್ನು ತಣ್ಣೀರಿಗೆ ಹಾಕುತ್ತಿರಲಿಲ್ಲ. ನಡುವೆ ಹಸಿ ಉಳಿದಿದೆಯೋ ಇಲ್ಲವೋ ಎಂಬುದು ಬೆರಳಿಗೆ ತಿಳಿಯುವುದಿಲ್ಲ, ಕಣ್ಣಿಗೂ ತಿಳಿಯುವುದಿಲ್ಲ, ಹಲ್ಲಿಗೇ ತಿಳಿಯಬೇಕು. ಹಾಗಾಗಿ ಅದನ್ನು ತಟ್ಟೆಗೆ ಹಾಕಿಕೊಂಡು, ತುಪ್ಪ ಸವರಿ, ಮೆಣಸಿನಪುಡಿ ಉದುರಿಸಿ, ಒಲೆಯ ಮುಂದೆ ನಿಂತೇ ಉಫ್ ಉಫ್ ಎಂದು ಊದಿಕೊಂಡು ಚಿಕ್ಕಮ್ಮ ತಿನ್ನುತ್ತಿದ್ದಳು. ಬೆಂದದ್ದು ಗೊತ್ತಾದ ಮೇಲೂ ನಿಲ್ಲಿಸುತ್ತಿರಲಿಲ್ಲ, ಪೂರಾ ತಿನ್ನುತ್ತಿದ್ದಳು. ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು. ಅವಳು ಹಾಗೆ ಏನನ್ನಾದರೂ ತಿಂದದ್ದನ್ನು ನಾನು ಮೊದಲು ನೋಡಿರಲಿಲ್ಲ. ಒಮ್ಮೆ ಬಾಯಿ ಒರೆಸಿಕೊಂಡು ಹೇಳಿದಳು: "ಬಿಸಿಬಿಸಿ ತಿಂದ್ರೆ ಎಲ್ಲಾದುಕ್ಕೂ ಹಿಂಗೇ ರುಚಿ ಇರ್ತೈತೇನೋ ಕಣೇ. ನಂಗೊತ್ತೇ ಇರ್ಲಿಲ್ಲ."

ಈ ಮಾತನ್ನು ಎರಡನೇ ಸಲ ಓದಿ. ಊರಿಗೆಲ್ಲ ಅಡುಗೆ ಮಾಡಿ ಬಡಿಸಿದ ಹೆಂಗಸು ಆಡಿದ ಮಾತು ಇದು. ಆ ಮನೆಯಲ್ಲಿ ಮಾಡಿದ ಅಡುಗೆ ಮೊದಲು ದೇವರಿಗೆ, ಆಮೇಲೆ ಮಠದ ಅಯ್ಯನವರು ಬಂದಿದ್ದರೆ ಅವರಿಗೆ, ಆಮೇಲೆ ಗಂಡಸರಿಗೆ, ಮಕ್ಕಳಿಗೆ, ಆಮೇಲೆ ಚಿಕ್ಕಪ್ಪನ ಅಕ್ಕ ನಾಗಕ್ಕನಿಗೆ. ಉಪ್ಪು ನೋಡಲು ನಾಲಿಗೆಗೆ ತಾಗಿಸಿದರೂ ಎಂಜಲು. ಅವಳ ಸರದಿ ಬರುವ ಹೊತ್ತಿಗೆ ಮುದ್ದೆ ಹೆಪ್ಪುಗಟ್ಟಿ, ಸಾರಿನ ಮೇಲೆ ಕೆನೆ ಕಟ್ಟಿರುತ್ತಿತ್ತು. ಲಸಾನ್ಯಕ್ಕೆ ಮಾತ್ರ ಶಾಸ್ತ್ರವಿರಲಿಲ್ಲ. ಅದನ್ನು ಯಾವ ದೇವರಿಗೂ ಇಡುತ್ತಿರಲಿಲ್ಲ, ಯಾವ ಗಂಡಸೂ ಕೇಳುತ್ತಿರಲಿಲ್ಲ, ಅದೂ ಅಲ್ಲದೆ ಮಾಡಿದವಳು ಮೊದಲು ತಿನ್ನದಿದ್ದರೆ ಅದು ಆಗುತ್ತಲೇ ಇರಲಿಲ್ಲ. ಅವಳ ಬಾಳಿನಲ್ಲಿ ಅವಳು ಎಲ್ಲರಿಗಿಂತ ಮೊದಲು ತಿಂದ ಅಡುಗೆ ಅದೊಂದೇ. ಈಗ ಆ ಡಬ್ಬದವರು ಬೇಯಿಸುವುದೇ ಬೇಡ ಎಂದರೆ ನನಗೆ ಉರಿಯದೆ ಏನಾಗಬೇಕು ಹೇಳಿ.

ಒಂದು ದಿನ ಚಿಕ್ಕಪ್ಪ ಜಾವಗಲ್ಲಿನಿಂದಲೇ ವಾಪಸು ಬಂದುಬಿಟ್ಟರು. ಪಂಚೆಯ ಮೇಲೆ ಹರಡಿದ್ದನ್ನು ನೋಡಿ, ಇದೇನು ಒದ್ದೆ ಚಪಾತಿಯ ಸಂತೆ ಎಂದರು. ತಟ್ಟೆಗೆ ಹಾಕಿಕೊಟ್ಟದ್ದನ್ನು ಬೆರಳಿನಿಂದ ಆಚೆ ಈಚೆ ತಳ್ಳಿ, ಮುದ್ದೆ ಇದೆಯಾ ಎಂದು ಕೇಳಿದರು. ಚಿಕ್ಕಮ್ಮ ಕೈ ಒರೆಸಿಕೊಂಡು ಮುದ್ದೆಗೆ ನೀರಿಟ್ಟಳು. ನಾಗಕ್ಕನಂತೂ ಮೊಟ್ಟೆ ಹಾಕಿರುತ್ತಾರೆ, ನಿಮಗೇನು ಗೊತ್ತು ಎಂದು ಹಾಳೆ ಬೇಯಿಸಿದ ಪಾತ್ರೆಯನ್ನು ಹೊರಗೆ ಹಾಕಿಸಿದರು. ಮೈದಾ ಕಲಸಿದ್ದನ್ನು ತಾವೇ ಕೂತು ನೋಡಿದ್ದರೂ ಸಹ. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಚಿಕ್ಕಪ್ಪ ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಕೇಳಿದೆ, ಅವಳಿಗೆ ಇಷ್ಟವಾದದ್ದನ್ನು ಅವಳು ತಿಂದರೆ ನಿಮಗೇನು ಎಂದು. ಅವರು ನಿಜವಾಗಿಯೂ ಬೆರಗಾದರು. "ನಾನ್ಯಾವತ್ತಾದ್ರೂ ಬ್ಯಾಡ ಅಂದಿದ್ನೇನಮ್ಮ?" ಎಂದರು.

ಅಂದಿರಲಿಲ್ಲ. ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಬೇಡ ಎನ್ನುವುದಿಲ್ಲ. ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಊಟ ಮಾಡಬೇಡ ಎನ್ನುವುದಿಲ್ಲ. ಮೊದಲು ತಿನ್ನು ಎನ್ನುವುದೂ ಇಲ್ಲ. ಹೊಡೆಯುವ ಗಂಡನಾದರೆ ನಾಲ್ಕು ಜನ ಸೇರಿ ಪಂಚಾಯ್ತಿ ಮಾಡಬಹುದು. ಬೇಡ ಎನ್ನದ ಗಂಡನ ಮೇಲೆ ಯಾವ ಪಂಚಾಯ್ತಿಗೆ ಹೋಗುವುದು?

ಹೋದ ಚಳಿಗಾಲದಲ್ಲಿ ಚಿಕ್ಕಮ್ಮ ತೀರಿಕೊಂಡಳು. ಬೆಳಿಗ್ಗೆ ಕಾಫಿ ಸೋಸುತ್ತಿದ್ದವಳು ಕುಸಿದಳು, ಹಾಸನದ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಬಂದವರೆಲ್ಲ ಮುತ್ತೈದೆ ಸಾವು, ಪುಣ್ಯವಂತೆ, ಯಾರ ಕೈಲೂ ಒಂದು ಲೋಟ ನೀರು ಕೇಳಲಿಲ್ಲ ಎಂದು ಹೊಗಳಿದರು. ಕೇಳದೆ ಇದ್ದದ್ದೇ ಪುಣ್ಯ. ನಾನು ಅತ್ತದ್ದಕ್ಕಿಂತ ಹಲ್ಲು ಕಚ್ಚಿದ್ದೇ ಹೆಚ್ಚು.

ಈ ಸಲದ ಹಿರಿಯರ ಹಬ್ಬ ಅವಳಿಗೆ ಮೊದಲನೆಯದು. ನಮ್ಮ ಕಡೆ ಪಿತೃಪಕ್ಷದಲ್ಲಿ ತೀರಿಹೋದವರಿಗೆ ಎಡೆ ಹಾಕುತ್ತೇವೆ. ಅವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಎಲೆಯ ಮೇಲಿಟ್ಟು, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂರುತ್ತೇವೆ. ಅಷ್ಟರಲ್ಲಿ ಹಿರಿಯರು ಬಂದು ಉಂಡುಹೋಗುತ್ತಾರೆ ಎಂದು ನಂಬಿಕೆ. ಹಿಂದಿನ ದಿನ ನಾನೂ ನಮ್ಮ ಮನೆಯವರೂ ಹೋದೆವು. ಹಜಾರದಲ್ಲಿ ಅಡುಗೆಯ ಮಾತು ನಡೆಯುತ್ತಿತ್ತು. ನಾಗಕ್ಕ ಒಬ್ಬಟ್ಟು ಎಂದು ಆಗಲೇ ತೀರ್ಮಾನ ಮಾಡಿದ್ದರು.

"ಅವಳಿಗೆ ಒಬ್ಬಟ್ಟು ಅಂದ್ರೆ ಪ್ರಾಣ ಕಣೇ. ಎಂಥಾ ಒಬ್ಬಟ್ಟು ತಟ್ತಿದ್ಲು, ಊರೇ ಬತ್ತಿತ್ತು ತಿನ್ನಾಕೆ."

ಚಿಕ್ಕಮ್ಮನಿಗೆ ಸಿಹಿ ಕಂಡರೆ ಆಗುತ್ತಿರಲಿಲ್ಲ. ಹೂರಣ ರುಬ್ಬುವಾಗಲೇ ಹೊಟ್ಟೆ ತೊಳಸುತ್ತದೆ ಎಂದು ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು. ಆ ಕಟ್ಟಿಕೊಂಡ ಸೆರಗನ್ನು ಅವರೆಲ್ಲ ಮಡಿ ಎಂದುಕೊಂಡಿದ್ದರು. ಚೆನ್ನಾಗಿ ಮಾಡುತ್ತಿದ್ದಳು, ಆದ್ದರಿಂದ ಇಷ್ಟ. ಎಷ್ಟು ಸಲೀಸಾದ ಲೆಕ್ಕ. ಅವಳಿಗೆ ಒಬ್ಬಟ್ಟು ಸೇರುತ್ತಿರಲಿಲ್ಲ ಎಂದೆ. ಹಾಗಾದರೆ ಏನು ಸೇರುತ್ತಿತ್ತು ಎಂದು ಚಿಕ್ಕಪ್ಪ ಕೇಳಿದರು. ನನ್ನನ್ನಲ್ಲ, ಹಜಾರದಲ್ಲಿದ್ದವರನ್ನೆಲ್ಲ. ಮಗ ಫೋನಿನಿಂದ ತಲೆಯೆತ್ತಿ ಅಪ್ಪನ ಮುಖ ನೋಡಿದ. ನಾಗಕ್ಕ ಎಲೆ ಅಡಿಕೆಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಚಿಕ್ಕಪ್ಪನೇ, "ಅವಳು ಎಲ್ಲಾನೂ ತಿಂತಿದ್ಲು" ಎಂದರು.

ನಾನು ಲಸಾನ್ಯದ ಹಾಳೆ ಎಂದೆ. ಯಾರೋ ಕಿಸಕ್ಕನೆ ನಕ್ಕರು. ಹೊರಗಿನವರ ತಿಂಡಿ ಎಡೆಗೆ ಬರುವುದಿಲ್ಲ ಎಂದು ನಾಗಕ್ಕ ಅಂದರು. ಅಷ್ಟು ದಿನ ಚಿಕ್ಕಮ್ಮ ಹಿಡಿದುಕೊಂಡಿದ್ದ ನನ್ನ ಕೈ ಈಗ ಬಿಡುವಾಗಿತ್ತು ನೋಡಿ. ನಿಮ್ಮಪ್ಪನ ಎಡೆಗೆ ಬೀಡಿ ಕಟ್ಟು ಇಡುತ್ತೀರಿ, ಒಂದನ್ನು ಹಚ್ಚಿ ಕೂಡ ಇಡುತ್ತೀರಿ, ಅವರು ಎಳೆಯಲಿ ಎಂದು ಬಾಗಿಲು ಹಾಕಿಕೊಂಡು ಬರುತ್ತೀರಿ, ಸ್ವಾಮಿಗಳು ಬರುವ ಮನೆಗೆ ಬೀಡಿ ಬರುತ್ತದೆ, ಹಿಟ್ಟು ಬರುವುದಿಲ್ಲವೇ ಎಂದು ಕೇಳಿದೆ. ಬೀದಿಗೆ ಕೇಳುವಂತೆಯೇ ಕೇಳಿದೆ. ನಮ್ಮ ಮನೆಯವರು ಕೆಮ್ಮಿದರು, ನಾನು ನಿಲ್ಲಿಸಲಿಲ್ಲ. ಕೊನೆಗೆ ಚಿಕ್ಕಪ್ಪ, ಮಾಡಲಿ ಬಿಡಕ್ಕ, ಎಲೆಯ ಒಂದು ಮೂಲೆಯಲ್ಲಿ ಇಟ್ಟರಾಯಿತು ಎಂದರು. ಮೂಲೆ ಕೊಟ್ಟು ದೊಡ್ಡವರಾದರು.

ಬೆಳಿಗ್ಗೆ ನಾನೂ ಭಾಗ್ಯಳೂ ಸ್ನಾನ ಮಾಡಿ ಹಿಟ್ಟು ನಾದಿದೆವು. ಭಾಗ್ಯಳಿಗೂ ಅತ್ತೆಯ ಕೈ ಬಂದಿದೆ, ನನಗಿಂತ ತೆಳ್ಳಗೆ ಲಟ್ಟಿಸುತ್ತಾಳೆ. ಎಡೆಯ ಅಡುಗೆ ಯಾರೂ ಬಾಯಿಗೆ ಹಾಕದಂತೆ ನಾಗಕ್ಕ ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತಿದ್ದರು. ಮೊದಲ ಹಾಳೆ ಮುಳುಗಿತು, ಎದ್ದಿತು. ಭಾಗ್ಯ ಅದನ್ನು ತಟ್ಟೆಗೆ ತೆಗೆದು ನನ್ನ ಮುಖ ನೋಡಿದಳು.

"ಬೆಂದೈತಾ ಅಂತ ನೋಡೋದೆಂಗಕ್ಕ?" ಎಂದು ಮೆಲ್ಲಗೆ ಕೇಳಿದಳು.

ಆಗ ನನಗೆ ತಿಳಿಯಿತು. ರಾತ್ರಿಯೆಲ್ಲ ಗೆದ್ದೆನೆಂದು ಬೀಗಿದ್ದವಳಿಗೆ ಆಗ ತಿಳಿಯಿತು. ಯಾರೂ ರುಚಿ ನೋಡದೆ, ಆರಿಸಿ, ಎಲೆಯ ಮೂಲೆಯಲ್ಲಿಟ್ಟರೆ ಅದು ಚಿಕ್ಕಮ್ಮನಿಗೆ ಇಷ್ಟವಾದ ಹಾಳೆಯಾಗುವುದಿಲ್ಲ. ಇನ್ನೊಂದು ತಣ್ಣಗಿನ ಊಟವಾಗುತ್ತದೆ, ಅಷ್ಟೇ. ಅವಳಿಗೆ ಇಷ್ಟವಾದದ್ದು ಮೈದಾ ಅಲ್ಲ, ಎಲ್ಲರಿಗಿಂತ ಮೊದಲು ಬಿಸಿಬಿಸಿ ತಿನ್ನುವುದು. ಅದನ್ನು ಎಲೆಯ ಮೇಲಿಡಲು ಬರುವುದೂ ಇಲ್ಲ. ತಟ್ಟೆಗೆ ತುಪ್ಪ ಸವರಿ, ಮೆಣಸಿನಪುಡಿ ಉದುರಿಸಿ, ಹಾಳೆಯನ್ನು ಎರಡು ಮಾಡಿ ಒಂದು ತುಂಡನ್ನು ಭಾಗ್ಯಳ ಕೈಗಿಟ್ಟು, ತಿನ್ನು ಎಂದೆ. ಅವಳು ಬಾಗಿಲ ಕಡೆ ನೋಡಿದಳು. ಬಿಸಿ ಆರುತ್ತೆ, ತಿನ್ನು ಎಂದೆ. ತಿಂದಳು. ನಾನೂ ತಿಂದೆ.

"ಎಂಜಲಾಯ್ತು" ಎಂದು ನಾಗಕ್ಕ ಎದ್ದು ನಿಂತರು. "ಇನ್ನದು ಎಡೆಗೆ ಬರಾಕಿಲ್ಲ."

"ಬ್ಯಾಡ ಬಿಡಿ" ಎಂದೆ.

ಒಬ್ಬಟ್ಟು ಎಡೆಗೆ ಹೋಯಿತು. ಹೊಸ ಸೀರೆ, ಹೂವು, ದೀಪ ಎಲ್ಲ ಆಯಿತು. ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗಲಿಗೆ ಹೋಗಿ ಕೂತರು. ನಾವಿಬ್ಬರು ಹೋಗಲಿಲ್ಲ. ಒಲೆ ಉರಿಯುತ್ತಲೇ ಇತ್ತು. ಒಂದೊಂದೇ ಹಾಳೆ ಬಿಟ್ಟು, ತೆಗೆದು, ಊದಿಕೊಂಡು, ಹಿರಿಯರ ಊಟ ಮುಗಿಯುವ ಮೊದಲೇ ನಾವು ನಿಂತುಕೊಂಡು ತಿಂದೆವು. ಭಾಗ್ಯ ಅಳುತ್ತಾ ತಿಂದಳು. ಚಿಕ್ಕಮ್ಮ ನಿಜವಾಗಿ ಬಂದಿದ್ದರೆ ಆ ಒಬ್ಬಟ್ಟಿನ ಮುಂದೆ ಹೋಗಿ ಕೂರುವವಳಲ್ಲ, ನೆಟ್ಟಗೆ ಅಡುಗೆಮನೆಗೆ ಬಂದು ನೀರು ಸಾಕಾ ಎಂದು ನೋಡುತ್ತಿದ್ದಳು. ನಮ್ಮ ಮನೆಗಳಲ್ಲಿ ಹೆಂಗಸು ಎಲ್ಲರಿಗಿಂತ ಮೊದಲು ಎಲೆಯ ಮುಂದೆ ಕೂರಬೇಕಾದರೆ ಸತ್ತಿರಬೇಕು. ಆಗಲೂ ಅವಳಿಗೆ ಸೇರದ್ದನ್ನೇ ಬಡಿಸುತ್ತಾರೆ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ನನ್ನನ್ನು ನಗಿಸಲೆಂದೇ ಇರಬೇಕು, ನಮ್ಮ ಮನೆಯವರು ತಮ್ಮ ಮಾಮೂಲಿ ಧಾಟಿಯಲ್ಲಿ ಕೇಳಿದರು: "ನಿಂಗೇನಿಷ್ಟ ಅಂತ ಈಗ್ಲೇ ಹೇಳ್ಬಿಡು ಮಾರಾಯ್ತಿ, ಮುಂದೆ ನಿನ್ನ ಎಡೆ ಹೊತ್ತಿಗೆ ಗಲಾಟೆ ಬೇಡ."

"ಎಡೆಗ್ಯಾಕ್ರೀ" ಎಂದೆ, "ನಾಳೆ ಬೆಳಿಗ್ಗೆಗೆ ಕೇಳಿ."

ಅವರು ನಗುವನ್ನು ಅಲ್ಲಿಗೇ ನಿಲ್ಲಿಸಿ ಕಿಟಕಿಯಾಚೆ ನೋಡತೊಡಗಿದರು. ಊರು ಬರುವ ತನಕ ಯೋಚನೆ ಮಾಡಿದರು ಎಂದುಕೊಂಡಿದ್ದೇನೆ. ಮಾರನೆಯ ಬೆಳಿಗ್ಗೆ ಕೇಳಲೂ ಇಲ್ಲ, ನಾನೂ ನೆನಪಿಸಲಿಲ್ಲ.

ಇವತ್ತು ಭಾನುವಾರ. ಡಬ್ಬದ ಹಾಳೆ ತರಲಿಲ್ಲ, ನಾನೇ ಹಿಟ್ಟು ನಾದಿ, ಅವರ ಪಂಚೆಯನ್ನೇ ಹಾಸಿದ್ದೇನೆ. ನೀರು ಮರಳಿ, ಮೊದಲ ಹಾಳೆ ಈಗಷ್ಟೇ ಎದ್ದು ಬಂದು ನನ್ನ ತಟ್ಟೆಯಲ್ಲಿದೆ. ಅತ್ತ ಊಟದ ಮೇಜಿನಲ್ಲಿ ಅವರೂ ಮಗನೂ ತಟ್ಟೆ ಹಾಕಿಕೊಂಡು ಕೂತಿದ್ದಾರೆ. ಆಗಿದ್ದರೆ ತರಬಾರದೇ, ಹೊಟ್ಟೆ ಹಸೀತಿದೆ ಎಂದು ಈಗ ಎರಡನೇ ಸಲ ಕೂಗಿದರು. ನಾನು ತಿನ್ನುತ್ತಿದ್ದೇನೆ ಎಂದು ಹೇಳಿದೆ. ಇಬ್ಬರೂ ಕಾಯುತ್ತಿದ್ದಾರೆ.